ಮುಳ್ಳು ಕಿತ್ತ ಗಡಿಯಾರ

ಆಫೀಸಿನ ಗೆಳೆಯನೊಬ್ಬ ತನ್ನ ಹೊಸ ವಾಚನ್ನು ಒಂದು ವಾರದ ಮಟ್ಟಿಗೆ ಕೊಟ್ಟಿದ್ದ. ಜರ್ಮನಿಯ ಮ್ಯೂನ್‌ಸ್ಟರ್‌ನಲ್ಲಿ 2001ರಲ್ಲಿ ಶುರುವಾದ ಮೈಸ್ಟರ್‌ಸಿಂಗರ್ ಕಂಪನಿಯದ್ದು. ಬೆಲೆ ಲಕ್ಷದ ಮೇಲೆ, ಮುಳ್ಳು ಮಾತ್ರ ಒಂದೇ. ಸೂಜಿಯಂಥ ಆ ಮುಳ್ಳು ಹನ್ನೆರಡು ಗಂಟೆಗೊಮ್ಮೆ ಒಂದು ಸುತ್ತು ಮುಗಿಸುತ್ತೆ. ಐದೈದು ನಿಮಿಷಕ್ಕೊಂದು ಗೆರೆ, ಒಟ್ಟು 144.

ನೋಡೋಕೆ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಮೊದಲ ದಿನ ತಡಕಾಡಿದೆ, ಮೂರನೇ ದಿನಕ್ಕೆ ಓದೋದು ಬಂತು. 10:27 ಅನ್ನೋದು ಹೋಗಿ ‘ಹತ್ತೂವರೆ ಆಗ್ತಾ ಬಂತು’ ಆಯ್ತು. ಊರಲ್ಲಿ ನಾವು ಹೇಳ್ತಿದ್ದದ್ದೇ ಹೀಗಲ್ವಾ: ಹತ್ತೂಕಾಲು, ಹತ್ತೂವರೆ, ಹತ್ತೂಮುಕ್ಕಾಲು. ಯೂರೋಪಿನ ಹಳೇ ಒಂಟಿ ಮುಳ್ಳಿನ ಗಡಿಯಾರಗಳಲ್ಲೂ ಗಂಟೆಯನ್ನು ನಾಲ್ಕು ಪಾಲು ಮಾಡಿದ ಗೆರೆಗಳೇ ಇರ್ತಿದ್ದವು. ನಮ್ಮ ಮಾತಿಗೆ ಹೇಳಿ ಮಾಡಿಸಿದ ಡಯಲ್ಲು ಅಂತ ಖುಷಿಪಟ್ಟೆ.

ನನ್ನ ತಕರಾರು ಇರೋದು ಇಂಥ ವಾಚುಗಳ ಜೊತೆ ಮಾರುವ ಕಥೆ ಬಗ್ಗೆ. ಹಳೇ ಕಾಲದ ನಿಧಾನಕ್ಕೆ ಮರಳೋದು, ನಿಮಿಷಗಳ ಕಾಟದಿಂದ ಬಿಡುಗಡೆ, ಇತ್ಯಾದಿ. ಆ ಕಾಲದವರು ನಿಧಾನ ಬೇಕು ಅಂತ ನಿಮಿಷದ ಮುಳ್ಳು ಬಿಟ್ಟಿದ್ದಲ್ಲ. 1656ರಲ್ಲಿ ಡಚ್ ವಿಜ್ಞಾನಿ ಹೈಗನ್ಸ್ ಲೋಲಕದ ಗಡಿಯಾರ ರೂಪಿಸುವ ತನಕ ಗಡಿಯಾರಗಳು ದಿನಕ್ಕೆ ಕಾಲು ಗಂಟೆ ಹಿಂದೆ ಮುಂದೆ ಆಗೋದು ಮಾಮೂಲಿ. ಅಂಥದ್ದಕ್ಕೆ ನಿಮಿಷದ ಮುಳ್ಳು ಹಾಕಿ ಏನು ಪ್ರಯೋಜನ? ಲೋಲಕ ಬಂದ ಮೇಲೆ ತಪ್ಪು ದಿನಕ್ಕೆ ಸುಮಾರು 15 ಸೆಕೆಂಡಿಗೆ ಇಳೀತು. 1675ರಲ್ಲಿ ಜೇಬಿನ ಗಡಿಯಾರಕ್ಕೂ ಹೇರ್‌ಸ್ಪ್ರಿಂಗ್ ಬಂತು. ನಿಮಿಷದ ಮುಳ್ಳು ಎಲ್ಲ ಕಡೆ ಕಾಣಿಸಿಕೊಂಡಿದ್ದು ಆಮೇಲೆ. ಅಂದ್ರೆ ಹಳೇ ಒಂಟಿ ಮುಳ್ಳು ತನಗೆ ಗೊತ್ತಿದ್ದಷ್ಟನ್ನೇ ಹೇಳ್ತಿತ್ತು.

1790ರ ದಶಕದಲ್ಲಿ ಪ್ಯಾರಿಸ್ಸಿನ ಬ್ರೆಗೆ ಬೇಕಂತಲೇ ಒಂದು ಮುಳ್ಳಿನ ವಾಚು ಮಾಡಿದ, ನಿಜ. ಕಾಲು ಭಾಗ ಹಣ ಮುಂಗಡ ಕೊಟ್ಟರೆ ಬುಕಿಂಗ್. ಅವನ ಲೆಕ್ಕವೂ ಧ್ಯಾನದ್ದಲ್ಲ: ಸರಳ ಯಂತ್ರ, ಕಡಿಮೆ ಬೆಲೆ. (ಈಗ ಮುಳ್ಳು ಕಮ್ಮಿಯಾದಷ್ಟೂ ರೇಟು ಜಾಸ್ತಿ.)

ನನ್ನ ಕೈಯಲ್ಲಿದ್ದ ವಾಚಿನೊಳಗಿರೋದು ಸ್ವಿಸ್ ಆಟೋಮ್ಯಾಟಿಕ್ ಯಂತ್ರ. ಗಂಟೆಗೆ 28,800 ಬಡಿತ, ಸೆಕೆಂಡಿಗೆ ಎಂಟು. ಅದಕ್ಕೆ ನಿಮಿಷವೂ ಗೊತ್ತು, ಸೆಕೆಂಡೂ ಗೊತ್ತು. ಮುಖದ ಮೇಲೆ ತೋರಿಸಲ್ಲ ಅಷ್ಟೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಬ್ಯಾಕೆಂಡ್ ಅದೇ, ಫ್ರಂಟೆಂಡಲ್ಲಿ ಎರಡು ಫೀಲ್ಡ್ ಹೈಡ್ ಮಾಡಿದ್ದಾರೆ.

ಇನ್ನು ಆ ‘ನಿಧಾನ’ದ ವಿಷಯ. ಅಪ್ಪ ಕೈಗೆ ವಾಚು ಕಟ್ಟಿದವರೇ ಅಲ್ಲ. ಆದರೆ ತ್ರೀ ಫೇಸ್ ಕರೆಂಟು ರಾತ್ರಿ ಎಷ್ಟೊತ್ತಿಗೆ ಬಂದರೂ ಎದ್ದು, ಟಾರ್ಚು ಹಿಡ್ಕೊಂಡು ಪಂಪ್‌ಸೆಟ್ಟಿನ ಹತ್ರ ಹೋಗ್ತಿದ್ರು. ಬರೋ ತನಕ ಅರೆನಿದ್ದೆ. ದೂರದಿಂದ ನೋಡಿದವರಿಗೆ ಅದು ನಿಧಾನದ ಬದುಕು. ಮನೆಯೊಳಗೆ ನಾವು ಅದನ್ನ ಕಾಯೋದು ಅಂತಿದ್ವಿ.

ವಾಚು ನನ್ನ ಹತ್ರ ಇದ್ದ ವಾರ ನಾನು ಆನ್‌ಕಾಲ್. ಅಲರ್ಟ್ ಬಂದರೆ ಐದು ನಿಮಿಷದೊಳಗೆ ಎದ್ದು ಒಪ್ಪಿಕೊಳ್ಳಬೇಕು. ಬುಧವಾರ ರಾತ್ರಿ ಫೋನ್ ಕಿರುಚಿತು. ಲೈಟು ಹಾಕಿ ವಾಚು ನೋಡಿದೆ. ಮುಳ್ಳು ಮೂರರ ಗೆರೆಯ ಮೇಲೋ, ಒಂದು ಕೂದಲೆಳೆ ಆಚೆಯೋ. ತುಂಬಾ ಸಮಾಧಾನವಾಗಿ ನಿಂತಿತ್ತು. ಲ್ಯಾಪ್‌ಟಾಪ್ ತೆರೆದರೆ ಮೂಲೆಯಲ್ಲಿ 03:02.