ಮಾರಾಟವಾದ ಫೋನು, ಮಾತಾಡದ ಫೋನು

2007ರ ಜುಲೈ 24ರಂದು ಅಮೆರಿಕದ ಎಟಿ ಅಂಡ್ ಟಿ ಕಂಪನಿ ತನ್ನ ಮೂರು ತಿಂಗಳ ಲೆಕ್ಕ ಮುಂದಿಟ್ಟಿತು. ಜೂನ್ ತಿಂಗಳ ಕೊನೆಯ ಎರಡು ದಿನಗಳಲ್ಲಿ ತನ್ನ ಜಾಲಕ್ಕೆ ಸೇರಿದ ಐಫೋನ್‌ಗಳು 1,46,000 ಎಂಬ ಮಾತು ಅದರಲ್ಲಿತ್ತು. ಐದು ಲಕ್ಷದವರೆಗೂ ಅಂದಾಜು ಕಟ್ಟಿ ಕೂತಿದ್ದ ಷೇರುಪೇಟೆಗೆ ತಣ್ಣೀರೆರಚಿದಂತಾಯಿತು. ಆ್ಯಪಲ್ ಷೇರು ಅಂದೇ ಶೇ 6ರಷ್ಟು ಬಿತ್ತು. ಮಾರನೆಯ ದಿನ ಆ್ಯಪಲ್ ತನ್ನ ಲೆಕ್ಕ ಕೊಟ್ಟಿತು: ಮೊದಲ 30 ಗಂಟೆಗಳಲ್ಲಿ 2,70,000 ಐಫೋನ್ ಮಾರಿದ್ದೇವೆ. ಬಿದ್ದ ಷೇರು ಮತ್ತೆ ಎದ್ದಿತು.

ಇಬ್ಬರೂ ಸುಳ್ಳು ಹೇಳಿರಲಿಲ್ಲ. ಒಬ್ಬರು ಮಾರಾಟವನ್ನು ಎಣಿಸಿದ್ದರು, ಇನ್ನೊಬ್ಬರು ಫೋನು ಜಾಲಕ್ಕೆ ಸೇರಿದ ಗಳಿಗೆಯನ್ನು, ಅಂದರೆ ಆ್ಯಕ್ಟಿವೇಶನ್ನನ್ನು. ಅಲ್ಲಿನ ರೂಢಿಯಲ್ಲಿ ಈ ಎರಡಕ್ಕೂ ಹೆಚ್ಚು ಅಂತರ ಇರುತ್ತಿರಲಿಲ್ಲ. ಅಂಗಡಿಯವನೇ ನಂಬರು ಹಾಕಿ, ಕಾಗದಕ್ಕೆ ಸಹಿ ಹಾಕಿಸಿಕೊಂಡು ಫೋನು ಕೈಗಿಡುತ್ತಿದ್ದ. ಮೊದಲ ಐಫೋನ್ ಹಾಗಲ್ಲ. ಡಬ್ಬಿಯನ್ನು ಮನೆಗೆ ಒಯ್ಯಬೇಕು, ಕೇಬಲ್ಲಿನಿಂದ ಕಂಪ್ಯೂಟರಿಗೆ ಸಿಕ್ಕಿಸಬೇಕು, ಐಟ್ಯೂನ್ಸ್ ತೆರೆದು ತನ್ನ ವಿವರವನ್ನೆಲ್ಲ ತುಂಬಬೇಕು, ಎರಡು ವರ್ಷದ ಕರಾರಿಗೆ ಒಪ್ಪಬೇಕು. ಅಲ್ಲಿಯವರೆಗೆ 599 ಡಾಲರಿನ ಆ ಯಂತ್ರದಿಂದ ತುರ್ತು ಕರೆಯೊಂದನ್ನು ಬಿಟ್ಟು ಬೇರೇನೂ ಮಾಡಲಾಗದು. ಜೂನ್ 29ರ ಸಂಜೆ ಆರಕ್ಕೆ ಮಾರಾಟ ಶುರುವಾಯಿತು. ಒಮ್ಮೆಲೇ ನುಗ್ಗಿದ ಜನರ ಭಾರಕ್ಕೆ ಎಟಿ ಅಂಡ್ ಟಿಯ ವ್ಯವಸ್ಥೆ ತಡವರಿಸಿ, ಕೆಲವರು ಒಂದು ದಿನಕ್ಕೂ ಮಿಕ್ಕಿ ಕಾದರು. ಅಷ್ಟರಲ್ಲಿ ಜೂನ್ 30ರ ನಡುರಾತ್ರಿ ಕಳೆದು ಲೆಕ್ಕದ ಪುಸ್ತಕ ಮುಚ್ಚಿತ್ತು. ಕೊಂಡು ತಂದು ಪರದೆಯನ್ನೇ ದಿಟ್ಟಿಸುತ್ತ ಕೂತವರು ಆ್ಯಪಲ್ ಲೆಕ್ಕದಲ್ಲಿ ಇದ್ದರು, ಎಟಿ ಅಂಡ್ ಟಿ ಲೆಕ್ಕದಲ್ಲಿ ಇರಲಿಲ್ಲ.

ಈ ಮೊದಲ ಅಂತರವನ್ನು ತಾಂತ್ರಿಕ ಅಡಚಣೆ ಎಂದು ಬಿಟ್ಟುಬಿಡಬಹುದು. ಆಮೇಲೆ ಬೆಳೆದದ್ದನ್ನು ಹಾಗೆ ಬಿಡಲಾಗದು. ಸೆಪ್ಟೆಂಬರ್ ಕೊನೆಗೆ ಆ್ಯಪಲ್ ಮಾರಿದ್ದು ಸುಮಾರು 14 ಲಕ್ಷ, ಎಟಿ ಅಂಡ್ ಟಿಗೆ ಬಂದದ್ದು 11 ಲಕ್ಷ. ವರ್ಷದ ಕೊನೆಗೆ ಮಾರಾಟ 37 ಲಕ್ಷವಾಯಿತು. ಎಟಿ ಅಂಡ್ ಟಿ ಗ್ರಾಹಕರು 20 ಲಕ್ಷಕ್ಕೂ ಚೂರು ಕಡಿಮೆ. ಬ್ರಿಟನ್, ಜರ್ಮನಿ, ಫ್ರಾನ್ಸ್‌ಗಳಲ್ಲಿ ನವೆಂಬರ್‌ನಿಂದ ಹೋದ ಮೂರು ನಾಲ್ಕು ಲಕ್ಷವನ್ನು ಕಳೆದರೂ ಹತ್ತು ಲಕ್ಷಕ್ಕೆ ಮೀರಿ ಫೋನುಗಳಿಗೆ ವಿಳಾಸವಿಲ್ಲ. ಪತ್ರಿಕೆಗಳು ಅವನ್ನು ಕಾಣೆಯಾದ ಐಫೋನ್‌ಗಳು ಎಂದು ಕರೆದವು. ಒಂದಿಷ್ಟು ಅಂಗಡಿಯ ಕಪಾಟಿನಲ್ಲಿದ್ದವು, ನಿಜ. ಆದರೆ ಹತ್ತು ಲಕ್ಷದಷ್ಟು ಎಟಿ ಅಂಡ್ ಟಿ ಜಾಲಕ್ಕಷ್ಟೇ ಕಟ್ಟಿಹಾಕುವ ಬೀಗ ಒಡೆದುಕೊಂಡು ಬೇರೆ ಜಾಲ ಸೇರಿವೆ ಎಂದು ಬರ್ನ್‌ಸ್ಟೈನ್ ಸಂಸ್ಥೆಯ ವಿಶ್ಲೇಷಕ ಟೋನಿ ಸಕೊನಾಗಿ ಅಂದಾಜು ಮಾಡಿದರು.

ಬೀಗ ಒಡೆಯುವ ದಾರಿಯನ್ನು ತೋರಿಸಿದವನು ನ್ಯೂಜೆರ್ಸಿಯ 17ರ ಹುಡುಗ ಜಾರ್ಜ್ ಹಾಟ್ಜ್. ಆ ಆಗಸ್ಟ್‌ನಲ್ಲಿ ಫೋನಿನ ಬೆನ್ನು ಬಿಚ್ಚಿ, ಬೆಸುಗೆ ಹಾಕಿ, ಅದನ್ನು ಟಿ-ಮೊಬೈಲ್ ಜಾಲದಲ್ಲಿ ಮಾತಾಡಿಸಿದ. ಹಾಗೆ ಬಿಡಿಸಿದ ಒಂದು ಫೋನನ್ನು ಕೊಟ್ಟು ಒಂದು ನಿಸಾನ್ ಕಾರು, ಜತೆಗೆ ಮೂರು ಹೊಸ ಐಫೋನ್ ಪಡೆದ. (ಆ ಮೂರೂ ಆ್ಯಪಲ್ಲಿನ ಮಾರಾಟದ ಲೆಕ್ಕದಲ್ಲಿ ಸೇರಿರಲೇಬೇಕು.) ಕೆಲವೇ ವಾರಗಳಲ್ಲಿ ಬೆಸುಗೆಯೂ ಬೇಡದ ತಂತ್ರಾಂಶ ಬಂತು. ಅಲ್ಲಿಂದ ಮುಂದೆ ಐಫೋನ್ ಅಧಿಕೃತವಾಗಿ ಎಲ್ಲಿ ಸಿಗುತ್ತಿರಲಿಲ್ಲವೋ ಅಲ್ಲೆಲ್ಲ ಸಿಗತೊಡಗಿತು. ಚೀನಾಕ್ಕೆ ಹೋಯಿತು, ಬೆಂಗಳೂರಿಗೂ ಬಂತು. ಭಾರತದಲ್ಲಿ ಏರ್‌ಟೆಲ್ ಮತ್ತು ವೊಡಾಫೋನ್ ಐಫೋನ್ ಮಾರಲು ಶುರು ಮಾಡಿದ್ದು 2008ರ ಆಗಸ್ಟ್ 22ರಂದು, ಅದೂ ಎರಡನೆಯ ಮಾದರಿಯನ್ನು, 31,000 ರೂಪಾಯಿಯಿಂದ ಮೇಲಕ್ಕೆ. ಮೊದಲ ಐಫೋನ್ ಇಲ್ಲಿ ಅಧಿಕೃತವಾಗಿ ಮಾರಾಟಕ್ಕೆ ಬರಲೇ ಇಲ್ಲ. ಅದಕ್ಕೂ ಮುಂಚೆ ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್ಟಿನಂಥ ಕಡೆ ಬಿಲ್ಲಿಲ್ಲದೆ ಕೈಬದಲಾದ ಪ್ರತಿಯೊಂದು ಐಫೋನೂ ಆ ಕಾಣೆಯಾದವುಗಳಲ್ಲೊಂದು.

ಆ್ಯಪಲ್ಲಿನ ಇಬ್ಬಂದಿತನ ಎದ್ದು ಕಾಣುವುದು ಇಲ್ಲಿ. ಎಟಿ ಅಂಡ್ ಟಿ ಗ್ರಾಹಕ ತಿಂಗಳು ತಿಂಗಳು ಕಟ್ಟುವ ಹಣದಲ್ಲಿ ಅದಕ್ಕೆ ಪಾಲಿತ್ತು. ಬೀಗ ಒಡೆದ ಫೋನಿನಿಂದ ಆ ಪಾಲು ಬರದು. ಹಾಗಾಗಿ ಸೆಪ್ಟೆಂಬರ್‌ನಲ್ಲಿ ಬಿಟ್ಟ ಹೊಸ ತಂತ್ರಾಂಶ ಬಿಡಿಸಿಕೊಂಡ ಫೋನುಗಳನ್ನು ನಿಷ್ಪ್ರಯೋಜಕ ಮಾಡಿತು. ಅಕ್ಟೋಬರ್‌ನಲ್ಲಿ ತಲೆಗೆ ಎರಡೇ ಫೋನು, ನಗದು ನಡೆಯದು, ಕಾರ್ಡೇ ಬೇಕು ಎಂಬ ನಿಯಮ ಬಂತು. ಎರಡೂವರೆ ಲಕ್ಷ ಫೋನು ಬಿಡಿಸಿಕೊಳ್ಳುವವರ ಪಾಲಾಗಿರಬಹುದು ಎಂದು ಅದೇ ತಿಂಗಳು ಆ್ಯಪಲ್ಲಿನ ಹಿರಿಯ ಅಧಿಕಾರಿ ಟಿಮ್ ಕುಕ್ ಒಪ್ಪಿಕೊಂಡರು. ಇಷ್ಟೆಲ್ಲ ಆದ ಮೇಲೂ 2008ರ ಜನವರಿ 15ರಂದು ವೇದಿಕೆಯ ಮೇಲೆ ನಿಂತು ಸ್ಟೀವ್ ಜಾಬ್ಸ್ 200 ದಿನದಲ್ಲಿ 40 ಲಕ್ಷ, ಅಂದರೆ ದಿನಕ್ಕೆ ಸರಾಸರಿ 20,000 ಎಂದು ಘೋಷಿಸಿದಾಗ, ಬೀಗ ಒಡೆದವರೂ ಆ ಸಂಖ್ಯೆಯೊಳಗೇ ಇದ್ದರು. ಅಂಗಡಿಯಲ್ಲಿ ಕಳ್ಳನ ಹಾಗೆ ನೋಡಿಸಿಕೊಂಡ ಗಿರಾಕಿಗೆ ವೇದಿಕೆಯ ಲೆಕ್ಕದಲ್ಲಿ ಮಾತ್ರ ಮರ್ಯಾದೆ.

ನನ್ನ ತಕರಾರು ಸಂಖ್ಯೆಯ ಮೇಲಲ್ಲ. ಯಾವ ಗಳಿಗೆಯನ್ನು ಎಣಿಸಿದ್ದೇವೆ ಎಂದು ಹೇಳದೆ ಮೊತ್ತವನ್ನಷ್ಟೇ ಕೂಗುವ ಪದ್ಧತಿಯ ಮೇಲೆ. 2008ರ ಜುಲೈನಲ್ಲಿ ಐಫೋನ್ 3ಜಿ ಬಂದಾಗ ಅಂತರ ಬಹುಮಟ್ಟಿಗೆ ಮುಚ್ಚಿತು, ಯಾಕೆಂದರೆ ವ್ಯಾಪಾರದ ಕ್ರಮವೇ ಬದಲಾಯಿತು. ತಿಂಗಳ ಪಾಲು ಹೋಯಿತು, ಜಾಲದ ಕಂಪನಿಯ ಸಬ್ಸಿಡಿ ಬಂತು, ಅಂಗಡಿಯಲ್ಲೇ ಕರಾರು ಮುಗಿಸಬೇಕಾಯಿತು. ಪದ್ಧತಿ ಮಾತ್ರ ಬದಲಾಗಲಿಲ್ಲ, ಬೇರೆಯವರಿಗೂ ಅಂಟಿತು. 2010ರ ಕೊನೆಗೆ ಮೈಕ್ರೋಸಾಫ್ಟ್ ಆರು ವಾರದಲ್ಲಿ 15 ಲಕ್ಷ ವಿಂಡೋಸ್ ಫೋನ್ ಎಂದಿತು. ಅವು ಹೋಗಿದ್ದದ್ದು ಜಾಲದ ಕಂಪನಿಗಳಿಗೆ ಮತ್ತು ಅಂಗಡಿಗಳಿಗೆ. ಸ್ಯಾಮ್ಸಂಗ್ ಹೇಳಿಕೊಂಡ 20 ಲಕ್ಷ ಗ್ಯಾಲಕ್ಸಿ ಟ್ಯಾಬ್‌ನ ಕಥೆಯೂ ಅದೇ.

ಹಾಗೆಂದು ಆ್ಯಕ್ಟಿವೇಶನ್ ಲೆಕ್ಕ ಅಪರಂಜಿ ಎಂದೇನೂ ಅಲ್ಲ. 2010ರಲ್ಲಿ ಗೂಗಲ್ ದಿನಕ್ಕೆ ಇಷ್ಟು ಆ್ಯಂಡ್ರಾಯ್ಡ್ ಎಂದು ಹೇಳತೊಡಗಿದಾಗ, ನಮ್ಮ ಕೆಲವು ಗೆಳೆಯರು ಅಪ್‌ಗ್ರೇಡ್‌ಗಳನ್ನೂ ಎಣಿಸುತ್ತಿದ್ದಾರೆ ಎಂದು ಜಾಬ್ಸ್ ಚುಚ್ಚಿದರು. ಗೂಗಲ್ ಅಲ್ಲಗಳೆಯಿತು. ಒಂದು ಸಾಧನವನ್ನು ಒಮ್ಮೆಯಷ್ಟೇ ಎಣಿಸುತ್ತೇವೆ, ಮರುಮಾರಾಟ ಸೇರಿಸುವುದಿಲ್ಲ, ಅಂಗಡಿಯಲ್ಲಿ ಕೊಂಡು ಜಾಲಕ್ಕೆ ಸೇರಿಸಿದ್ದನ್ನೇ ಆ್ಯಕ್ಟಿವೇಶನ್ ಎನ್ನುತ್ತೇವೆ ಎಂದು 2011ರ ಡಿಸೆಂಬರ್‌ನಲ್ಲಿ ಅದರ ಆ್ಯಂಡ್ರಾಯ್ಡ್ ವಿಭಾಗದ ಮುಖ್ಯಸ್ಥ ಆ್ಯಂಡಿ ರೂಬಿನ್ ಬಿಡಿಸಿ ಹೇಳಿದರು. ಇಡೀ ಜಗಳದಲ್ಲಿ ನನಗೆ ಮೆಚ್ಚುಗೆಯಾದದ್ದು ಆ ಒಂದು ವಿವರಣೆ. ವರ್ಷ ತಡವಾಗಿ ಬಂತು, ಅಷ್ಟೆ.

ನಮ್ಮಲ್ಲಿ ಜಾಲಕ್ಕೆ ಬೀಗ ಹಾಕಿದ ಫೋನು ತೀರ ಅಪರೂಪ, ಹಾಗಾಗಿ ಏರ್‌ಟೆಲ್ಲನ್ನೋ ಜಿಯೊವನ್ನೋ ಕೇಳಿ ಫೋನ್ ಕಂಪನಿಯ ಮಾತನ್ನು ತಾಳೆ ನೋಡುವ ದಾರಿಯಿಲ್ಲ. ಪತ್ರಿಕೆಯಲ್ಲಿ ಮೂರು ತಿಂಗಳಿಗೊಮ್ಮೆ ಬರುವ ಮಾರುಕಟ್ಟೆ ಪಾಲು ಬಹುತೇಕ ಶಿಪ್‌ಮೆಂಟ್ ಲೆಕ್ಕ, ಅಂದರೆ ಕಂಪನಿಯಿಂದ ಮಾರಾಟಗಾರರ ಕಡೆಗೆ ಹೊರಟ ಮಾಲು. ದೀಪಾವಳಿಗೆಂದು ಸೆಪ್ಟೆಂಬರ್‌ನಲ್ಲಿ ಗೋದಾಮು ತುಂಬಿಸಿದರೆ ಆ ತ್ರೈಮಾಸಿಕ ಉಬ್ಬುತ್ತದೆ. ಹಬ್ಬದಲ್ಲಿ ಹೋಗದೆ ಉಳಿದದ್ದು ಆಮೇಲಿನ ಲೆಕ್ಕವನ್ನು ಕುಗ್ಗಿಸುತ್ತದೆ. ಇನ್ನು ಅಂಗಡಿಯವನಿಗೆ ಸ್ಕೀಮಿನ ಹಣ ಆ್ಯಕ್ಟಿವೇಶನ್ ಮೇಲೆ ನಿಂತಿದ್ದರೆ, ಗಿರಾಕಿ ಬರುವ ಮೊದಲೇ ಸೀಲ್ ಒಡೆದು ಸಿಮ್ ಹಾಕಿ ತೆಗೆಯುವ ಆಸೆ ಹುಟ್ಟದೆ ಇರುತ್ತದೆಯೇ? ಹಾಗೆ ತೆರೆದ ಡಬ್ಬಿಯನ್ನು ಹೊಸದೆಂದು ಕೊಂಡವನಿಗೆ ವಾರಂಟಿಯ ದಿನಾಂಕ ನೋಡಿದಾಗ ಸಂಗತಿ ತಿಳಿಯುತ್ತದೆ. ಇವೆಲ್ಲದರ ನಡುವೆ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್‌ನ ವರದಿಗಳನ್ನು ಮೆಚ್ಚಲೇಬೇಕು. ಅವು ಒಟ್ಟು ಮೊಬೈಲ್ ಸಂಪರ್ಕಗಳ ಪಕ್ಕದಲ್ಲೇ ನಿಜವಾಗಿ ಜಾಲದಲ್ಲಿ ಸಕ್ರಿಯವಾಗಿರುವವು ಎಷ್ಟು ಎಂದು ಕಂಪನಿವಾರು ಕೊಡುತ್ತವೆ. ಎರಡರ ನಡುವೆ ಕೋಟಿಗಟ್ಟಲೆ ಅಂತರವಿದೆ, ಅದು ಎಲ್ಲರ ಕಣ್ಣಿಗೂ ಬೀಳುವಂತಿದೆ. ಸಿಮ್ಮಿಗೆ ಇರುವ ಈ ಶಿಸ್ತು ಫೋನಿಗಿಲ್ಲ.

ಆ್ಯಪಲ್ 2018ರ ನವೆಂಬರ್ 1ರಂದು ಮಾರಾಟದ ಸಂಖ್ಯೆ ಕೊಡುವುದನ್ನೇ ನಿಲ್ಲಿಸುವುದಾಗಿ ಹೇಳಿತು. ಗಾಡಿ ತುಂಬ ಸಾಮಾನು ತುಂಬಿಕೊಂಡು ಬಂದವರಿಗೆ ಒಟ್ಟು ಬೆಲೆ ಮುಖ್ಯವೇ ಹೊರತು ಎಷ್ಟು ಸಾಮಾನು ಎಂಬುದಲ್ಲ ಎಂದು ಕುಕ್ ಸಮರ್ಥಿಸಿಕೊಂಡರು. ಕೊಳ್ಳುವವರಿಗೆ ಸರಿ, ಆದರೆ ಅಂದು ಕೇಳುತ್ತಿದ್ದವರು ಕೊಳ್ಳುವವರಲ್ಲ, ಕಂಪನಿಯ ಪಾಲುದಾರರು. ಈಗ ಅದು ವರ್ಷಕ್ಕೊಮ್ಮೆ ಹೇಳುವುದು ಬಳಕೆಯಲ್ಲಿರುವ ಒಟ್ಟು ಸಾಧನಗಳನ್ನು: 2024ರ ಆರಂಭಕ್ಕೆ 220 ಕೋಟಿಗೆ ಮೇಲೆ. ಇದರಲ್ಲಿ ಐಫೋನ್ ಎಷ್ಟು, ಐಪ್ಯಾಡ್ ಎಷ್ಟು, ಕೈಬದಲಾದ ಹಳೆಯವು ಎಷ್ಟು ಎಂಬ ವಿಂಗಡಣೆ ಇಲ್ಲ. ಎಣಿಸುವುದು ಆ್ಯಪಲ್ಲಿನದೇ ಸರ್ವರ್. 2007ರಲ್ಲಿ ಎಟಿ ಅಂಡ್ ಟಿ ಮಾಡಿದಂತೆ ಮುಂಚಿನ ದಿನವೇ ಬೇರೊಂದು ಸಂಖ್ಯೆ ಹೇಳಿ ಅದನ್ನು ಮುಜುಗರಕ್ಕೆ ಸಿಲುಕಿಸುವವರು ಈಗ ಯಾರೂ ಇಲ್ಲ.