ಐದು ರೊಟ್ಟಿಗಳ ಕಥೆಯೂ ಬಾಲಬೋಧೆಯೂ

ಯೇಸುವು ಐದು ರೊಟ್ಟಿಗಳಿಂದಲೂ ಎರಡು ಮೀನುಗಳಿಂದಲೂ ಐದು ಸಾವಿರ ಜನರನ್ನು ತೃಪ್ತಿಪಡಿಸಿದ ಕಥೆಯು ಹೊಸ ಒಡಂಬಡಿಕೆಯಲ್ಲಿ ವಿಶೇಷ ಸ್ಥಾನವನ್ನು ಪಡೆದಿದೆ. ಪುನರುತ್ಥಾನದ ವೃತ್ತಾಂತವನ್ನು ಬಿಟ್ಟರೆ ನಾಲ್ಕು ಸುವಾರ್ತೆಗಳಲ್ಲಿಯೂ ಬರುವ ಅದ್ಭುತವು ಇದೊಂದೇ. ಚಿಕ್ಕ ಮಕ್ಕಳಿಗೆ ನಂಬಿಕೆಯನ್ನೂ ಹಂಚಿ ಉಣ್ಣುವ ಗುಣವನ್ನೂ ಕಲಿಸಬೇಕೆಂದಾಗ ಉಪಾಧ್ಯಾಯರು ಕೈಹಾಕುವ ಕಥೆಗಳಲ್ಲಿ ಇದೂ ಒಂದು. ಕಥೆಯಲ್ಲಿ ಹುಡುಗನಿದ್ದಾನೆ, ಬುತ್ತಿಯಿದೆ, ಹಸಿವಿದೆ. ಬಾಲಬೋಧೆಗೆ ಇನ್ನೇನು ಬೇಕು? ಆದರೆ ಕಥೆಯು ಸುಲಭವಾದ ಮಾತ್ರಕ್ಕೆ ಅದರ ನೀತಿಯೂ ಸುಲಭವೆಂದು ಭಾವಿಸಲಾಗದು. ಮೂಲದಲ್ಲಿರುವುದೇನು, ನಾವು ಮಕ್ಕಳಿಗೆ ಹೇಳುತ್ತಿರುವುದೇನು ಎಂಬುದನ್ನು ಬೇರ್ಪಡಿಸಿ ನೋಡುವುದೇ ಪ್ರಕೃತ ಲೇಖನದ ಉದ್ದೇಶ. ಮತವಿಚಾರದ ವಾದಕ್ಕೆ ನಾವು ಕೈಹಾಕುವುದಿಲ್ಲ.

ಮೊದಲು ಮೂಲವನ್ನು ನೋಡೋಣ. ಮಾರ್ಕ, ಮತ್ತಾಯ, ಲೂಕ ಈ ಮೂವರ ಕಥನದಲ್ಲಿ ಹುಡುಗನೇ ಇಲ್ಲ. ಅವರಲ್ಲಿ ರೊಟ್ಟಿಗಳು ಶಿಷ್ಯರ ಬಳಿಯಲ್ಲಿದ್ದವೆಂಬಂತೆ ಮಾತು ಸಾಗುತ್ತದೆ. ಹುಡುಗನು ಬರುವುದು ಯೋಹಾನನ ಸುವಾರ್ತೆಯ ೬ನೆಯ ಅಧ್ಯಾಯದಲ್ಲಿ ಮಾತ್ರ. ಜನಸ್ತೋಮವನ್ನು ಕಂಡು ಯೇಸುವು ಫಿಲಿಪ್ಪನನ್ನು ಪ್ರಶ್ನಿಸುತ್ತಾನೆ. ಫಿಲಿಪ್ಪನು ಲೆಕ್ಕ ಹಾಕಿ, ೨೦೦ ದೇನಾರಿಯಗಳ ರೊಟ್ಟಿಯೂ ಇವರಿಗೆ ಸಾಲದೆನ್ನುತ್ತಾನೆ. ಒಂದು ದೇನಾರಿಯವೆಂದರೆ ಕೂಲಿಯಾಳಿನ ಒಂದು ದಿನದ ಸಂಬಳ. ನಮ್ಮ ಅಮರಕೋಶದಲ್ಲಿ ಕಾಣುವ ದೀನಾರ ಶಬ್ದವು ಈ ನಾಣ್ಯದ ಹೆಸರಿನಿಂದಲೇ ಬಂದುದು. ಆಗ ಅಂದ್ರೆಯನು, ಐದು ಜವೆಗೋದಿಯ ರೊಟ್ಟಿ, ಎರಡು ಮೀನುಗಳಿರುವ ಒಬ್ಬ ಹುಡುಗನಿದ್ದಾನೆಂದು ತಿಳಿಸಿ, ಅದೇ ಉಸಿರಿನಲ್ಲಿ ಇಷ್ಟರಿಂದ ಏನಾದೀತೆಂದು ಸಂಶಯವನ್ನೂ ಸೇರಿಸುತ್ತಾನೆ. ಎಲೀಷ ಪ್ರವಾದಿಯು ೨೦ ಜವೆಗೋದಿಯ ರೊಟ್ಟಿಗಳಿಂದ ೧೦೦ ಜನರಿಗೆ ಉಣಬಡಿಸಿದ ಹಳೆಯ ಒಡಂಬಡಿಕೆಯ ಕಥೆಯಲ್ಲಿಯೂ ಸೇವಕನು ಇದೇ ಬಗೆಯ ಸಂಶಯವನ್ನು ಆಡುತ್ತಾನೆ.

ಯೋಹಾನನ ಪದಗಳು ಗಮನಾರ್ಹವಾದವು. ಜವೆಗೋದಿಯು ಬಡವರ ಧಾನ್ಯ. ಮೀನಿಗೆ ಆತನು ಬಳಸುವ ಗ್ರೀಕ್ ಶಬ್ದವಾದ ‘ಒಪ್ಸಾರಿಯೋನ್’ ಎಂಬುದಕ್ಕೆ ರೊಟ್ಟಿಯೊಡನೆ ನಂಚಿಕೊಳ್ಳುವ ವ್ಯಂಜನವೆಂದು ಅರ್ಥ. ಹುಡುಗನಿಗೆ ಹೇಳಿರುವ ‘ಪೈದಾರಿಯೋನ್’ ಶಬ್ದವು ಚಿಕ್ಕ ಬಾಲಕನೆಂಬ ಅರ್ಥವನ್ನೂ ಆಳುಮಗನೆಂಬ ಅರ್ಥವನ್ನೂ ಕೊಡುತ್ತದೆ. ಹೀಗೆ ಇದು ಬಡವನೊಬ್ಬನ ಬುತ್ತಿ. ಸಂಪನ್ನರ ಮನೆಯ ದಾನವಲ್ಲ.

ಮೂಲದಲ್ಲಿ ಹೇಳದೆ ಬಿಟ್ಟಿರುವುದು ಇದಕ್ಕಿಂತ ಹೆಚ್ಚು ವಿಚಾರಾರ್ಹವಾಗಿದೆ. ಹುಡುಗನ ಹೆಸರಿಲ್ಲ, ಬುತ್ತಿಯನ್ನು ಕಟ್ಟಿಕೊಟ್ಟವರಾರೆಂಬುದಿಲ್ಲ, ಅವನನ್ನು ಕೇಳಿ ತೆಗೆದುಕೊಂಡರೇ, ಅವನೇ ಮುಂದೆ ಬಂದು ಕೊಟ್ಟನೇ ಎಂಬುದೂ ಇಲ್ಲ. ಕೊನೆಯಲ್ಲಿ ಅವನಿಗೇನು ದೊರೆಯಿತೆಂಬುದಂತೂ ಇಲ್ಲವೇ ಇಲ್ಲ. ಮಕ್ಕಳಿಗೆ ಹೇಳುವವರು ಈ ತೆರವನ್ನೆಲ್ಲ ತುಂಬುತ್ತಾರೆ. ತಾಯಿಯು ಬುತ್ತಿ ಕಟ್ಟುತ್ತಾಳೆ, ಹುಡುಗನು ನಗುತ್ತ ಓಡಿಬಂದು ಕೊಡುತ್ತಾನೆ. ಅನುಕ್ತವನ್ನು ಊಹಿಸುವುದು ಕಥನಕಾರನ ಸ್ವಾತಂತ್ರ್ಯವೆಂಬುದು ನಿರ್ವಿವಾದ. ಆದರೆ ಆ ಊಹೆಯಿಂದ ಕಥೆಯ ತಾತ್ಪರ್ಯವೇ ಬೇರೆಯಾದರೆ ವಿಮರ್ಶಕನು ಸುಮ್ಮನಿರಲಾಗದು.

ಇಲ್ಲಿ ಎರಡು ದೋಷಗಳು ಒದಗುತ್ತವೆ. ಮೊದಲನೆಯದು ವಾಣಿಜ್ಯದೋಷ. ಐದು ರೊಟ್ಟಿಯನ್ನು ಕೊಟ್ಟವನಿಗೆ ಹನ್ನೆರಡು ಪುಟ್ಟಿ ದೊರೆಯಿತು, ಆದ್ದರಿಂದ ನೀನೂ ಕೊಡು, ನಿನಗೂ ಹೆಚ್ಚಾಗಿ ಬರುವುದು ಎಂಬ ಬೋಧೆ. ಇದು ದಾನವನ್ನು ಬಡ್ಡಿಯ ವ್ಯವಹಾರಕ್ಕೆ ಇಳಿಸುತ್ತದೆ. ಮಿಕ್ಕ ತುಂಡುಗಳು ವ್ಯರ್ಥವಾಗದಂತೆ ಶಿಷ್ಯರು ಕೂಡಿಸಿದರೆಂದು ಮೂಲವು ಹೇಳುತ್ತದೆಯೇ ಹೊರತು, ಆ ಪುಟ್ಟಿಗಳನ್ನು ಹುಡುಗನಿಗೆ ಬಹುಮಾನವಾಗಿ ಒಪ್ಪಿಸಿದರೆಂದು ಹೇಳುವುದಿಲ್ಲ. ಮರುದಿನ ಜನರು ಮತ್ತೆ ಹುಡುಕಿಕೊಂಡು ಬಂದಾಗ, ನೀವು ಕುರುಹನ್ನು ಅರಿತು ಬಂದವರಲ್ಲ, ಹೊಟ್ಟೆ ತುಂಬಿದ್ದಕ್ಕಾಗಿ ಬಂದವರೆಂದು ಯೇಸುವು ಅವರನ್ನು ಆಕ್ಷೇಪಿಸುತ್ತಾನೆ. ಬಾಲಬೋಧೆಯಲ್ಲಿ ಈ ಉತ್ತರಭಾಗವನ್ನು ಬಿಡುವುದರಿಂದಲೇ ವಾಣಿಜ್ಯದೋಷಕ್ಕೆ ಎಡೆಯಾಗುತ್ತದೆ.

ಎರಡನೆಯದು ಯುಕ್ತಿದೋಷ. ಜರ್ಮನ್ ಪಂಡಿತನಾದ ಪೌಲುಸನು (೧೭೬೧-೧೮೫೧) ಅದ್ಭುತಗಳಿಗೆ ಲೌಕಿಕ ಕಾರಣಗಳನ್ನು ಕಲ್ಪಿಸಿದವರಲ್ಲಿ ಪ್ರಸಿದ್ಧನು. ಆ ಪಕ್ಷದವರ ಪ್ರಕಾರ, ಇದ್ದವರು ಹಂಚತೊಡಗಿದುದನ್ನು ನೋಡಿ ಎಲ್ಲರೂ ತಮ್ಮ ತಮ್ಮ ಬುತ್ತಿಯನ್ನು ಹೊರತೆಗೆದರು, ಅದರಿಂದ ಎಲ್ಲರಿಗೂ ಸಾಕಾಯಿತು. ಹಂಚುವಿಕೆಯ ಪಾಠಕ್ಕೆ ಇದು ಒಪ್ಪುತ್ತದೆಂದು ಕೆಲವು ಉಪಾಧ್ಯಾಯರು ಇದನ್ನು ಮೆಚ್ಚುವುದುಂಟು. ಆದರೆ ನಾಲ್ಕು ಸುವಾರ್ತೆಗಳಲ್ಲಿ ಒಂದರಲ್ಲಿಯೂ ಈ ಮಾತಿಲ್ಲ. ಅಲ್ಲದೆ ಇದರಿಂದ ಒಂದು ಅನರ್ಥವೂ ಉಂಟು. ಎಲ್ಲರ ಜೋಳಿಗೆಯಲ್ಲಿಯೂ ರೊಟ್ಟಿಯಿತ್ತೆಂದರೆ ಅಲ್ಲಿ ಹಸಿದವರೇ ಇರಲಿಲ್ಲ, ಜಿಪುಣರು ಮಾತ್ರ ಇದ್ದರೆಂದಾಯಿತು. ನಿಜವಾಗಿ ಏನೂ ಇಲ್ಲದವರು ಲೋಕದಲ್ಲಿದ್ದಾರೆಂಬ ಸತ್ಯವನ್ನು ಮಗುವಿನಿಂದ ಮರೆಮಾಡುವ ಬೋಧೆಯು ಎಂತಹ ಬೋಧೆ?

ಈ ಸಂದರ್ಭದಲ್ಲಿ ಮಹಾಭಾರತದ ಆಶ್ವಮೇಧಿಕಪರ್ವದ ಮುಂಗುಸಿಯ ಉಪಾಖ್ಯಾನವು ನೆನಪಿಗೆ ಬರುತ್ತದೆ. ಕುರುಕ್ಷೇತ್ರದಲ್ಲಿ ಉಂಛವೃತ್ತಿಯಿಂದ ಜೀವಿಸುತ್ತಿದ್ದ ಬ್ರಾಹ್ಮಣನೊಬ್ಬನಿಗೆ ಕ್ಷಾಮಕಾಲದಲ್ಲಿ ದೊರೆತದ್ದು ಒಂದು ಪ್ರಸ್ಥ ಜವೆ, ಅಲ್ಲಿಯೂ ಜವೆಗೋದಿಯೇ. ಅದರ ಹಿಟ್ಟನ್ನು ನಾಲ್ವರು ಹಂಚಿಕೊಂಡು ಕುಳಿತಾಗ ಅತಿಥಿಯು ಬಂದನು. ಗೃಹಸ್ಥನು, ಹೆಂಡತಿಯು, ಮಗನು, ಸೊಸೆಯು ಒಬ್ಬರಾದಮೇಲೊಬ್ಬರು ತಮ್ಮ ಪಾಲನ್ನು ಕೊಟ್ಟರು. ಹಸಿದ ಹೆಂಡತಿಯ ಪಾಲನ್ನೂ ಕಿರಿಯರ ಪಾಲನ್ನೂ ತೆಗೆದುಕೊಳ್ಳಲು ಗೃಹಸ್ಥನು ಹಿಂಜರಿದನು. ಅವರೇ ಹೇಳಿ ಅವನನ್ನು ಒಪ್ಪಿಸಿದರು. ಅವರಿಗೆ ಸ್ವರ್ಗವು ದೊರೆಯಿತೆಂಬುದು ನಿಜ, ಆದರೆ ಹಿಟ್ಟು ಒಂದು ಚಿಟಿಕೆಯೂ ಹೆಚ್ಚಲಿಲ್ಲ. ಆ ಕಥೆಯಲ್ಲಿ ಕೊಡುವವರ ಮನಸ್ಸು ಪೂರ್ಣವಾಗಿ ವರ್ಣಿತವಾಗಿದೆ, ಅನ್ನವು ಹೆಚ್ಚಿಲ್ಲ. ಈ ಕಥೆಯಲ್ಲಿ ಅನ್ನವು ಹೆಚ್ಚಿದೆ, ಕೊಟ್ಟವನ ಮನಸ್ಸಿನ ವಿಷಯದಲ್ಲಿ ಮೌನವಿದೆ. ಎರಡನ್ನೂ ಜೊತೆಯಲ್ಲಿ ಓದಿದವನು, ಹೆಚ್ಚುವುದು ದಾನದ ಲಕ್ಷಣವಲ್ಲವೆಂಬುದನ್ನು ತಾನಾಗಿಯೇ ಅರಿಯುವನು.

ಇನ್ನೊಂದು ವಿಷಯವಿದೆ, ನಮ್ಮ ಅಭಿಪ್ರಾಯದಲ್ಲಿ ಅದೇ ಮುಖ್ಯವಾದುದು. ಈ ಕಥೆಯನ್ನು ಹೇಳುವಾಗಲೆಲ್ಲ ಮಗುವನ್ನು ಕೊಡುವವನ ಸ್ಥಾನದಲ್ಲಿಯೇ ನಿಲ್ಲಿಸುತ್ತೇವೆ. ಆದರೆ ಐದು ಸಾವಿರವೆಂಬ ಗಣನೆಯು ಹೆಂಗಸರನ್ನೂ ಮಕ್ಕಳನ್ನೂ ಬಿಟ್ಟು ಎಂದು ಮತ್ತಾಯನು ಸ್ಪಷ್ಟವಾಗಿ ಹೇಳಿದ್ದಾನೆ. ಎಂದರೆ ಲೆಕ್ಕಕ್ಕೆ ಬಾರದ ಮಕ್ಕಳು ಆ ಬಯಲಿನಲ್ಲಿ ಕುಳಿತು ಉಂಡರು. ಕೊಟ್ಟ ಹುಡುಗನು ಒಬ್ಬ, ಉಂಡ ಮಕ್ಕಳು ಅನೇಕರು. ರಾಬರ್ಟ್ ರೈಕ್ಸನು ೧೭೮೦ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರಿನಲ್ಲಿ ಭಾನುವಾರದ ಶಾಲೆಯನ್ನು ತೆರೆದುದು ವಾರವೆಲ್ಲ ದುಡಿಯುತ್ತಿದ್ದ ಬಡಮಕ್ಕಳಿಗಾಗಿ. ಅಂತಹ ತರಗತಿಯಲ್ಲಿ ಬುತ್ತಿಯಿಲ್ಲದೆ ಕುಳಿತ ಮಗುವು ಈ ಕಥೆಯನ್ನು ಕೇಳಿ ಏನು ತಿಳಿಯಬೇಕು? ಕೊಡಲು ಏನೂ ಇಲ್ಲದ ತನಗೆ ಇದರಲ್ಲಿ ಸ್ಥಾನವಿಲ್ಲವೆಂದೇ? ಮೂಲವು ಅವನಿಗೂ ಸ್ಥಾನವನ್ನು ಕೊಟ್ಟಿದೆ. ಮಾರ್ಕನು ಹೇಳುವಂತೆ ಜನರು ಹಸುರು ಹುಲ್ಲಿನ ಮೇಲೆ ನೂರು ನೂರಾಗಿ, ಐವತ್ತು ಐವತ್ತಾಗಿ ಕುಳಿತರು. ಆ ಸಾಲುಗಳಿಗೆ ತೋಟದ ಮಡಿಗಳೆಂಬ ಅರ್ಥದ ಶಬ್ದವನ್ನು ಬಳಸಿದ್ದಾನೆ. ಯಾರು ಯಾವ ಕುಲದವರೆಂಬ ವಿಚಾರಣೆಯಿಲ್ಲ, ಪಂಕ್ತಿಭೇದವಿಲ್ಲ, ಯಾಚನೆಯೂ ಇಲ್ಲ. ಎಲ್ಲರೂ ಕುಳಿತರು, ಎಲ್ಲರೂ ತೃಪ್ತರಾದರು. ಪಡೆಯುವುದು ಅವಮಾನವಲ್ಲವೆಂಬುದು ಹಂಚುವಿಕೆಯ ಪಾಠದ ಉತ್ತರಾರ್ಧ. ಇದನ್ನು ಕಲಿಸದೆ ಪೂರ್ವಾರ್ಧವನ್ನು ಮಾತ್ರ ಕಲಿಸಿದರೆ, ಉಳ್ಳವರ ಮಕ್ಕಳಲ್ಲಿ ಹೆಮ್ಮೆಯೂ ಇಲ್ಲದವರ ಮಕ್ಕಳಲ್ಲಿ ಲಜ್ಜೆಯೂ ಬೆಳೆಯುವುವು.

ಹಾಗಾದರೆ ನಂಬಿಕೆಯನ್ನು ಕಲಿಸುವ ಬಗೆ ಯಾವುದು? ಮಗುವು ತನ್ನ ರೊಟ್ಟಿಯಲ್ಲಿ ಅರ್ಧವನ್ನು ಗೆಳೆಯನಿಗೆ ಕೊಟ್ಟರೆ ಅದರ ಕೈಯಲ್ಲಿ ಉಳಿಯುವುದು ಅರ್ಧವೇ. ಹೆಚ್ಚಾಗುವುದೆಂದು ಮಾತು ಕೊಟ್ಟ ಉಪಾಧ್ಯಾಯನು ಆ ಮಧ್ಯಾಹ್ನವೇ ಸುಳ್ಳುಗಾರನಾಗುತ್ತಾನೆ. ಅವನೊಡನೆ ಕಥೆಯೂ ಸುಳ್ಳಾಗುತ್ತದೆ. ಅಂದ್ರೆಯನ ಮಾತಿನಲ್ಲಿರುವ ನಂಬಿಕೆಯು ಬೇರೆ ಬಗೆಯದು. ಸಾಲದೆಂದು ತಿಳಿದೂ ಅವನು ಇರುವುದನ್ನು ತೋರಿಸಿದನು. ಫಲವನ್ನು ಮುಂಗಡವಾಗಿ ಎಣಿಸಲಿಲ್ಲ. ಅಲ್ಪವಾದುದೆಂದು ಬಚ್ಚಿಡಬಾರದು ಎಂಬಷ್ಟನ್ನು ಹೇಳಿದ ಉಪಾಧ್ಯಾಯನ ಮಾತು ಮಗುವಿಗೆ ಎಂದೂ ಸುಳ್ಳಾಗದು. ಗುಂಪಿನಲ್ಲಿ ಒಬ್ಬ ಚಿಕ್ಕವನನ್ನು ಗಮನಿಸಿದುದೂ ಅಂದ್ರೆಯನೇ. ಉಪಾಧ್ಯಾಯರು ಅವನಿಂದ ಕಲಿಯತಕ್ಕದ್ದು ಇದು.

ಮೂಲದ ಮೌನವನ್ನು ಮಕ್ಕಳಿಗೇ ಬಿಡುವುದು ಲೇಸು. ಗಲಿಲಾಯ ಸರೋವರದ ತೀರದ ತಬ್ಘಾ ಎಂಬಲ್ಲಿ ಐದನೆಯ ಶತಮಾನದ ಒಂದು ನೆಲಚಿತ್ರವಿದೆ. ಬಣ್ಣದ ಕಲ್ಲುಚೂರುಗಳಿಂದ ರಚಿಸಿದ ಆ ಚಿತ್ರದಲ್ಲಿ ಎರಡು ಮೀನುಗಳ ನಡುವಣ ಪುಟ್ಟಿಯಲ್ಲಿ ಕಾಣುವ ರೊಟ್ಟಿಗಳು ನಾಲ್ಕೇ. ಐದನೆಯದು ಬಳಿಯಲ್ಲಿರುವ ಪೂಜಾವೇದಿಯ ಮೇಲಿದೆಯೆಂದು ವಿವರಿಸುವ ವಾಡಿಕೆಯುಂಟು. ಮಕ್ಕಳಿಗೆ ಆ ಚಿತ್ರವನ್ನು ತೋರಿಸಿ ರೊಟ್ಟಿಗಳನ್ನು ಎಣಿಸಲು ಹೇಳಬೇಕು. ಐದನೆಯದೆಲ್ಲಿ? ಹುಡುಗನನ್ನು ಯಾರಾದರೂ ಕೇಳಿದರೆ? ಅವನೂ ಉಂಡನೆ? ಈ ಪ್ರಶ್ನೆಗಳಿಗೆ ಮಕ್ಕಳು ಹೇಳುವ ಉತ್ತರಗಳನ್ನು ಉಪಾಧ್ಯಾಯನು ತಿದ್ದಲು ಆತುರಪಡದೆ ಕೇಳಿಕೊಂಡರೆ, ಯಾವ ಮಗು ಬುತ್ತಿ ತಂದಿದೆ, ಯಾವುದು ತಂದಿಲ್ಲ ಎಂಬುದೂ ಅವನಿಗೆ ತಿಳಿದುಬರುವುದು.