ಮೂಲವ್ಯಾಧಿ: ಕೊಯ್ಯದ ಚಿಕಿತ್ಸೆಗಳಲ್ಲಿ ಯಾವುದು ನಮಗೆ?

ಕೊಡಗಿನ ಹಾರಂಗಿ ಜಲಾಶಯದ ಪಕ್ಕದ ಹುದುಗೂರಿನಿಂದ ಕುಶಾಲನಗರದವರೆಗೆ ಯಾವ ಊರಿನಲ್ಲೇ ಆಗಲಿ, ಮೂಲವ್ಯಾಧಿ ಬಂದವರು ಮೊದಲು ಡಾಕ್ಟರ ಹತ್ತಿರ ಹೋಗುವುದು ಅಪರೂಪ. ಮುಟ್ಟಿದರೆ ಮುನಿ ಸೊಪ್ಪಿನ ರಸ, ಸುವರ್ಣಗೆಡ್ಡೆ ಪಲ್ಯ, ಮೆಡಿಕಲ್ ಶಾಪಿನ ಮುಲಾಮು, ಇವೆಲ್ಲ ಮುಗಿದ ಮೇಲೆ ಆಸ್ಪತ್ರೆ. ಅಷ್ಟು ಹೊತ್ತಿಗೆ ರಕ್ತ ಹೋಗಿ ಹೋಗಿ ಮುಖ ಬಿಳಿಚಿರುತ್ತದೆ. ಆಗ ಕಣ್ಣಿಗೆ ಬೀಳುವುದು ದೊಡ್ಡ ಊರಿನ ಜಾಹೀರಾತು: ಲೇಸರ್, ನೋವಿಲ್ಲ, ಅದೇ ದಿನ ಮನೆಗೆ. ಇಂದು ಈ ಕಾಯಿಲೆಗೆ ಕೊಯ್ಯದೆ ಅಥವಾ ತೀರಾ ಕಡಿಮೆ ಗಾಯ ಮಾಡಿ ಕೊಡುವ ಚಿಕಿತ್ಸೆಗಳು ಹಲವಿವೆ. ಅವುಗಳನ್ನು ಯಂತ್ರದ ಹೊಸತನದಿಂದ ಅಳೆಯುವುದು ತಪ್ಪು. ಕಾಯಿಲೆ ಯಾವ ಹಂತದಲ್ಲಿದೆ, ಮತ್ತೆ ಬರುವ ಸಂಭವ ಎಷ್ಟು, ಕೂಲಿ ಎಷ್ಟು ದಿನ ತಪ್ಪುತ್ತದೆ, ತೊಂದರೆಯಾದರೆ ಎಷ್ಟು ಹೊತ್ತಿನಲ್ಲಿ ಡಾಕ್ಟರನ್ನು ಮುಟ್ಟಬಹುದು, ಇವೇ ಸರಿಯಾದ ಅಳತೆಗೋಲು.

ಗುದನಾಳದ ಒಳಗೆ ರಕ್ತನಾಳಗಳಿಂದ ತುಂಬಿದ ಮೆತ್ತನೆಯ ದಿಂಡುಗಳು ಎಲ್ಲರಿಗೂ ಇವೆ. ಮಲ, ಗಾಳಿ ಸೋರದಂತೆ ಬಾಯಿ ಮುಚ್ಚಿಕೊಳ್ಳಲು ಅವೂ ನೆರವಾಗುತ್ತವೆ. ಮಲಬದ್ಧತೆ, ಮುಕ್ಕಿರಿಯುವುದು, ಬಸಿರು, ಶೌಚದಲ್ಲಿ ಬಹಳ ಹೊತ್ತು ಕೂರುವುದು ಇವುಗಳಿಂದ ಆ ದಿಂಡುಗಳನ್ನು ಹಿಡಿದಿಟ್ಟ ಅಂಗಾಂಶ ಸಡಿಲವಾಗಿ, ಅವು ಊದಿ ಕೆಳಗೆ ಜಾರಿದಾಗ ಮೂಲವ್ಯಾಧಿಯಾಗುತ್ತದೆ. ಬರೀ ರಕ್ತ ಹೋದರೆ ಮೊದಲ ಹಂತ. ಹೊರಬಂದು ತಾನೇ ಒಳಹೋದರೆ ಎರಡನೆಯದು. ಕೈಯಿಂದ ಒಳಗೆ ತಳ್ಳಬೇಕಾದರೆ ಮೂರನೆಯದು. ತಳ್ಳಿದರೂ ನಿಲ್ಲದಿದ್ದರೆ ನಾಲ್ಕನೆಯದು. ಹಂತ ತಿಳಿಯದೆ ಚಿಕಿತ್ಸೆ ಆರಿಸಲು ಬರುವುದಿಲ್ಲ.

ಹಂತ ತಿಳಿಯುವುದಕ್ಕೂ ಮುಂಚೆ ಇನ್ನೊಂದು ಕೆಲಸವಿದೆ. ಮಲದಲ್ಲಿ ಬಿದ್ದ ರಕ್ತವೆಲ್ಲ ಮೂಲವ್ಯಾಧಿಯದಲ್ಲ. ಗುದದ ಬಿರುಕು, ಕರುಳಿನ ಹುಣ್ಣು, ಕರುಳಿನ ಕ್ಯಾನ್ಸರ್ ಕೂಡ ಹೀಗೇ ರಕ್ತ ತೋರಿಸಬಹುದು. ವಯಸ್ಸು 45 ದಾಟಿದವರು, ತೂಕ ಇಳಿದವರು, ಶೌಚದ ಅಭ್ಯಾಸ ಇದ್ದಕ್ಕಿದ್ದಂತೆ ಬದಲಾದವರು, ಮನೆಯಲ್ಲಿ ಯಾರಿಗಾದರೂ ಕರುಳಿನ ಕ್ಯಾನ್ಸರ್ ಬಂದಿದ್ದವರು ಕೊಲೊನೋಸ್ಕೋಪಿಯ ಬಗ್ಗೆ ಕೇಳಲೇಬೇಕು. ಒಳಗೆ ನೋಡದೆ ಫೋನಿನಲ್ಲೇ ಪ್ಯಾಕೇಜ್ ದರ ಹೇಳುವ ಕ್ಲಿನಿಕ್ ಎಷ್ಟೇ ಹೊಳೆದರೂ ನಂಬಿಕೆಗೆ ಯೋಗ್ಯವಲ್ಲ.

ಮೊದಲ ಹಂತದಲ್ಲಿ ಹೆಚ್ಚಿನವರಿಗೆ ಯಾವ ಉಪಕರಣವೂ ಬೇಡ. ನಾರಿನಂಶ ಹೆಚ್ಚಿಸಿದರೆ ರಕ್ತಸ್ರಾವದ ಸಂಭವ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂದು ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ ಅಧ್ಯಯನಗಳು ತೋರಿಸಿವೆ. ಕಡಂಬುಟ್ಟು, ನೂಪುಟ್ಟು, ಪಾಲಿಶ್ ಅಕ್ಕಿಯ ಅನ್ನ ಮತ್ತು ಮಾಂಸವೇ ತಟ್ಟೆ ತುಂಬಿರುವ ಮನೆಗಳಲ್ಲಿ ಸೊಪ್ಪು, ಕಾಳು, ರಾಗಿ, ಹಣ್ಣಿಗೆ ಜಾಗ ಮಾಡಬೇಕು. ತೋಟದಲ್ಲಿ ದಿನವಿಡೀ ದುಡಿಯುವ ಹೆಂಗಸರು ಶೌಚಾಲಯ ದೂರವೆಂದು ನೀರು ಕಡಿಮೆ ಕುಡಿಯುತ್ತಾರೆ, ಒತ್ತಡ ಬಂದರೂ ತಡೆದುಕೊಳ್ಳುತ್ತಾರೆ. ಅವರ ಮಟ್ಟಿಗೆ ಕೆಲಸದ ಜಾಗದಲ್ಲೊಂದು ಸ್ವಚ್ಛ ಶೌಚಾಲಯವೂ ಚಿಕಿತ್ಸೆಯ ಭಾಗವೇ.

ಎರಡನೆಯ ಹಂತಕ್ಕೂ ಮೂರನೆಯದರ ಆರಂಭಕ್ಕೂ ನನ್ನ ಮೊದಲ ಆಯ್ಕೆ ರಬ್ಬರ್ ಬ್ಯಾಂಡ್. 1963ರಲ್ಲಿ ಅಮೆರಿಕದ ಸರ್ಜನ್ ಬ್ಯಾರನ್ ಇದನ್ನು ಸುಧಾರಿಸಿ ಬಳಕೆಗೆ ತಂದರು. ಗುದನಾಳದೊಳಗಿನ ಒಂದು ಗೆರೆಗಿಂತ ಮೇಲಿನ ಒಳಪದರಕ್ಕೆ ಚರ್ಮದಷ್ಟು ನೋವು ತಿಳಿಯುವುದಿಲ್ಲ. ಆ ಗೆರೆಯ ಮೇಲೆ, ದಿಂಡಿನ ಬುಡಕ್ಕೆ ಸಣ್ಣ ರಬ್ಬರ್ ಉಂಗುರ ತೊಡಿಸುತ್ತಾರೆ. ರಕ್ತ ಹೋಗದ ಭಾಗ ಸುಮಾರು ಒಂದು ವಾರದಲ್ಲಿ ಉದುರುತ್ತದೆ, ಬುಡ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಅರಿವಳಿಕೆ ಬೇಡ, ಅಡ್ಮಿಟ್ ಆಗುವುದು ಬೇಡ. ಆದರೆ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಉದುರುವ ದಿನಗಳಲ್ಲಿ ರಕ್ತ ಬರಬಹುದು, ಆದ್ದರಿಂದ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಮೊದಲೇ ಹೇಳಬೇಕು. ಅಪರೂಪಕ್ಕೆ ಸೋಂಕು ಹರಡುತ್ತದೆ. ಜ್ವರ, ಹೆಚ್ಚುತ್ತಿರುವ ನೋವು, ಮೂತ್ರ ಕಟ್ಟುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಬ್ಯಾಂಡಿನ ದೊಡ್ಡ ಕೊರತೆ ಮರುಕಳಿಕೆ. 2016ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಬ್ರಿಟನ್ನಿನ ಪ್ರಯೋಗ ಇದನ್ನು ಡಾಪ್ಲರ್ ವಿಧಾನದೊಂದಿಗೆ ಹೋಲಿಸಿತು. ಡಾಪ್ಲರ್ ವಿಧಾನದಲ್ಲಿ ಅಲ್ಟ್ರಾಸೌಂಡ್ ಸದ್ದಿನ ಸುಳಿವು ಹಿಡಿದು ದಿಂಡಿಗೆ ರಕ್ತ ತರುವ ಅಪಧಮನಿಗಳನ್ನು ಹುಡುಕಿ ಹೊಲಿದು ಕಟ್ಟುತ್ತಾರೆ. ಒಂದು ವರ್ಷದ ಹೊತ್ತಿಗೆ ಬ್ಯಾಂಡ್ ಹಾಕಿಸಿಕೊಂಡವರಲ್ಲಿ 49%, ಡಾಪ್ಲರ್ ಮಾಡಿಸಿಕೊಂಡವರಲ್ಲಿ 30% ಮಂದಿಗೆ ತೊಂದರೆ ಮರಳಿತ್ತು. ಇಷ್ಟನ್ನೇ ಓದಿದರೆ ಡಾಪ್ಲರ್ ಗೆದ್ದಂತೆ. ಆದರೆ ಅಗತ್ಯ ಬಿದ್ದವರಿಗೆ ಇನ್ನೊಮ್ಮೆ ಬ್ಯಾಂಡ್ ಹಾಕುವುದನ್ನೂ ಚಿಕಿತ್ಸೆಯ ಭಾಗವೆಂದು ಲೆಕ್ಕ ಹಿಡಿದಾಗ ಎರಡರ ನಡುವಿನ ಅಂತರ ಸಾಕಷ್ಟು ಕುಗ್ಗಿತು. ಡಾಪ್ಲರಿಗೆ ಆಪರೇಷನ್ ಥಿಯೇಟರ್ ಬೇಕು, ಖರ್ಚು ಬಹಳ ಹೆಚ್ಚು, ಮೊದಲ ದಿನಗಳ ನೋವೂ ಹೆಚ್ಚು.

ಇಲ್ಲಿ ದೂರದ ಪ್ರಶ್ನೆ ಬರುತ್ತದೆ. ಮತ್ತೊಮ್ಮೆ ಬ್ಯಾಂಡ್ ಎಂದರೆ ಮತ್ತೊಂದು ಬಸ್ ಪ್ರಯಾಣ, ಮತ್ತೊಂದು ದಿನದ ಕೂಲಿ. ಕುಶಾಲನಗರದಿಂದ ಮಡಿಕೇರಿ ಸುಮಾರು 30 ಕಿಲೋಮೀಟರ್, ಮೈಸೂರು ಅದರ ಮೂರು ಪಟ್ಟಿನ ಹತ್ತಿರ. ಬ್ಯಾಂಡಿಗಾಗಿ ಎರಡು ಸಲ ಮೈಸೂರಿಗೆ ಹೋಗಬೇಕಾದರೆ ಅದರ ಅಗ್ಗದ ಗುಣ ಅರ್ಧ ಕರಗುತ್ತದೆ. ಹತ್ತಿರದಲ್ಲೇ ಸಿಕ್ಕರೆ ಮಾತ್ರ ಅದು ನಿಜಕ್ಕೂ ಬಡವರ ಚಿಕಿತ್ಸೆ.

ಬಾದಾಮಿ ಎಣ್ಣೆಯಲ್ಲಿ ಬೆರೆಸಿದ ಫೀನಾಲ್ ಅಥವಾ ಪಾಲಿಡೊಕನಾಲ್ ಚುಚ್ಚುವ ಹಳೆಯ ಕ್ರಮ ರಕ್ತ ಹೋಗುವ ಮೊದಲೆರಡು ಹಂತಗಳಲ್ಲಿ ಕೆಲಸಕ್ಕೆ ಬರುತ್ತದೆ. ಅತಿಗೆಂಪು ಕಿರಣದಿಂದ ಸುಡುವ ವಿಧಾನದ ಕಥೆಯೂ ಅದೇ: ನೋವು ಕಡಿಮೆ, ಬಾಳಿಕೆ ಬ್ಯಾಂಡಿಗಿಂತ ಕಡಿಮೆ. ಭಯಪಡಬೇಕಾದದ್ದು ತರಬೇತಿಯಿಲ್ಲದವರ ‘ಒಂದೇ ಇಂಜೆಕ್ಷನ್’ಗೆ. ಸೀಸೆಯಲ್ಲಿ ಏನಿದೆಯೆಂದು ಹೇಳದೆ ಚುಚ್ಚುವ ದ್ರವದಿಂದ ಗುದದ ಸುತ್ತಲಿನ ಮಾಂಸವೇ ಕೊಳೆತು, ಬಾಯಿ ಕಿರಿದಾಗಿ, ಮಲ ತಡೆಯುವ ಶಕ್ತಿ ಹೋದವರಿದ್ದಾರೆ.

ಲೇಸರ್‌ನಲ್ಲಿ ಬೆಳಕು ಒಯ್ಯುವ ತೆಳುವಾದ ಎಳೆಯನ್ನು ದಿಂಡಿನೊಳಗೆ ತೂರಿಸಿ, ಸಾಮಾನ್ಯವಾಗಿ 1470 ನ್ಯಾನೋಮೀಟರ್ ಬೆಳಕಿನ ಶಾಖದಿಂದ ಕುಗ್ಗಿಸುತ್ತಾರೆ. ಕೊಯ್ದು ತೆಗೆಯುವ ಆಪರೇಷನ್ನಿಗಿಂತ ನೋವು ಕಡಿಮೆ, ಕೆಲಸಕ್ಕೆ ಬೇಗ ಮರಳಬಹುದು. ಇದು ನಿಜವಾದ ಲಾಭ, ಅಲ್ಲಗಳೆಯುವುದಿಲ್ಲ. ಆದರೆ ಹೋಲಿಕೆ ಯಾವುದರೊಂದಿಗೆ ಎನ್ನುವುದನ್ನು ಜಾಹೀರಾತು ಹೇಳುವುದಿಲ್ಲ. ಎರಡನೆಯ ಹಂತದ ರೋಗಿಗೆ ಕೊಯ್ಯುವ ಆಪರೇಷನ್ ಬೇಕೇ ಇರಲಿಲ್ಲ. ಅವನಿಗೆ ಬ್ಯಾಂಡೇ ಸಾಕಿತ್ತು. ಅರಿವಳಿಕೆ, ಥಿಯೇಟರ್, ದೊಡ್ಡ ಬಿಲ್ಲು ಎಲ್ಲ ಲೇಸರಿಗೂ ಉಂಟು, ಮರುಕಳಿಕೆಯೂ ಉಂಟು. ಮೂರನೆಯ ಹಂತದಲ್ಲಿ, ಬ್ಯಾಂಡ್ ಸೋತ ಮೇಲೆ, ಕೊಯ್ಯುವುದನ್ನು ತಪ್ಪಿಸಬೇಕೆನ್ನುವವರಿಗೆ ಅದು ಒಳ್ಳೆಯ ಆಯ್ಕೆ.

ಜಾರಿದ ಒಳಪದರವನ್ನು ಯಂತ್ರದಿಂದ ಕತ್ತರಿಸಿ ಪಿನ್ ಹಾಕುವ ಸ್ಟೇಪ್ಲರ್ ವಿಧಾನ ಇಲ್ಲೊಂದು ಪಾಠ. 1998ರಲ್ಲಿ ಇಟಲಿಯ ಸರ್ಜನ್ ಲೊಂಗೊ ಅದನ್ನು ಮಂಡಿಸಿದಾಗ ನೋವು ಕಡಿಮೆಯೆಂದು ಜಗತ್ತೇ ಅಪ್ಪಿಕೊಂಡಿತು. 2016ರಲ್ಲಿ 777 ರೋಗಿಗಳ ಬ್ರಿಟಿಷ್ ಪ್ರಯೋಗದ ಫಲಿತಾಂಶ ಬಂದಾಗ ಮೊದಲ ವಾರಗಳ ನೋವು ಕಡಿಮೆ ಎಂಬುದು ಉಳಿಯಿತು. ಎರಡು ವರ್ಷದ ಹೊತ್ತಿಗೆ ಮರುಕಳಿಕೆ, ಜೀವನದ ಗುಣಮಟ್ಟ ಎರಡರಲ್ಲೂ ಹಳೆಯ ಆಪರೇಷನ್ನೇ ಮೇಲಾಗಿತ್ತು. ಕೊಯ್ದು ತೆಗೆಯುವ 1937ರ ಮಿಲಿಗನ್-ಮಾರ್ಗನ್ ವಿಧಾನ ಇಂದಿಗೂ ನಾಲ್ಕನೆಯ ಹಂತದಲ್ಲಿ ಗಟ್ಟಿ ನಿಂತಿರುವುದು ಇದಕ್ಕೇ. ನೋವಿದೆ, ಆದರೆ ಮತ್ತೆ ಬರುವುದು ಕಡಿಮೆ.

ಆಯುರ್ವೇದವನ್ನು ಬದಿಗಿಟ್ಟು ಈ ಹೋಲಿಕೆ ಪೂರ್ಣವಾಗದು. ಸುಶ್ರುತಸಂಹಿತೆ ಅರ್ಶಸ್ಸಿಗೆ, ಅಂದರೆ ಮೂಲವ್ಯಾಧಿಗೆ, ಔಷಧ, ಕ್ಷಾರ, ಅಗ್ನಿ, ಶಸ್ತ್ರ ಎಂಬ ನಾಲ್ಕು ದಾರಿ ಹೇಳುತ್ತದೆ. ಹಂತ ನೋಡಿ ದಾರಿ ಆರಿಸುವ ವಿವೇಕ ಅದರಲ್ಲೇ ಇದೆ. ಕಳ್ಳಿ ಹಾಲು, ಉತ್ತರಾಣಿ ಕ್ಷಾರ, ಅರಿಸಿನ ಸವರಿ ಒಣಗಿಸಿದ ದಾರವಾದ ಕ್ಷಾರಸೂತ್ರಕ್ಕೆ ಬಲವಾದ ಪುರಾವೆ ಇರುವುದು ಭಗಂದರಕ್ಕೆ, ಅಂದರೆ ಫಿಸ್ತುಲಾಕ್ಕೆ. ಅಲ್ಲಿಯ ಯಶಸ್ಸನ್ನು ಮೂಲವ್ಯಾಧಿಗೂ ಹಾಗೆಯೇ ಹಚ್ಚುವುದು ಸರಿಯಲ್ಲ. ಶಲ್ಯತಂತ್ರ, ಅಂದರೆ ಆಯುರ್ವೇದದ ಶಸ್ತ್ರಚಿಕಿತ್ಸೆ, ಓದಿದ ವೈದ್ಯರ ಕೈಯಲ್ಲಿ ಅದು ಗೌರವಕ್ಕೆ ಅರ್ಹ, ಹೆಸರಷ್ಟೇ ಹೇಳಿಕೊಳ್ಳುವವರ ಕೈಯಲ್ಲಿ ಅಪಾಯ.

ಹಾಗಾಗಿ ನನ್ನ ತೀರ್ಮಾನ ಇದು. ಮೊದಲ ಹಂತಕ್ಕೆ ಆಹಾರ ಮತ್ತು ಔಷಧ, ಎರಡಕ್ಕೂ ಮೂರರ ಆರಂಭಕ್ಕೂ ಬ್ಯಾಂಡ್, ಅದು ಸೋತರೆ ಡಾಪ್ಲರ್ ಅಥವಾ ಲೇಸರ್, ನಾಲ್ಕಕ್ಕೆ ಆಪರೇಷನ್. ಬ್ಯಾಂಡ್ ಹಾಕಲು ಬೇಕಾದದ್ದು ಗುದನಾಳ ನೋಡುವ ಪ್ರೊಕ್ಟೋಸ್ಕೋಪ್, ಒಳ್ಳೆಯ ಬೆಳಕು, ಬ್ಯಾಂಡ್ ಗನ್, ಪಳಗಿದ ಕೈ. 2016ರಲ್ಲಿ ಶುರುವಾದ ಮಡಿಕೇರಿಯ ವೈದ್ಯಕೀಯ ಕಾಲೇಜು ಜಿಲ್ಲೆಯಲ್ಲೇ ಇದೆ. ಆ ಕಾಲೇಜಿನ ಸರ್ಜನ್ನರು ವಾರಕ್ಕೊಂದು ದಿನ ತಾಲ್ಲೂಕು ಆಸ್ಪತ್ರೆಗೆ ಬಂದು, ಹೆಂಗಸರ ಪರೀಕ್ಷೆಯಲ್ಲಿ ನರ್ಸ್ ಜೊತೆಗಿದ್ದು, ಮುಂದಿನ ತಪಾಸಣೆಯ ದಿನವನ್ನೂ ಚೀಟಿಯಲ್ಲಿ ಬರೆದು ಕೊಟ್ಟರೆ ಈ ಭಾಗದ ಬಹುಪಾಲು ರೋಗಿಗಳು ಲೇಸರ್ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಇದನ್ನು ಕೇಳಿ ಪಡೆಯಬೇಕಾದವರು ನಾವೇ. ಅದಕ್ಕೆ ಮೊದಲು ಈ ಕಾಯಿಲೆಯ ಹೆಸರನ್ನು ನಾಚದೆ ಗಟ್ಟಿಯಾಗಿ ಹೇಳಬೇಕು.